ತಡೆದುಕೊಂಡ ಕಾಲು

ಹೋದ ವಾರ ಗೋಣಿಕೊಪ್ಪದ ಕ್ಷೌರದಂಗಡಿಯಲ್ಲಿ ತಲೆಗೆ ತಣ್ಣನೆಯ ಜೆಲ್ ಬಿದ್ದದ್ದೇ ನನ್ನ ಕಾಲುಗಳು ಬಿಗಿಯಾದವು. ಕಾರಣ ದೇಚಮ್ಮ. ಹೇಳುತ್ತೇನೆ, ಇದರಲ್ಲಿ ಅರ್ಧ ಆಮೇಲೆ ಸೇರಿಕೊಂಡದ್ದಿರಬಹುದು, ನೀವೇ ಸೋಸಿಕೊಳ್ಳಿ.

ದಕ್ಷಿಣ ಕೊಡಗಿನ ಶ್ರೀಮಂಗಲದಲ್ಲಿ ಮೇಷ್ಟ್ರಾಗಿದ್ದಾಗ ನಾನು ಕುಟ್ಟಪ್ಪನವರ ಮನೆಯಲ್ಲಿ ಬಾಡಿಗೆಗಿದ್ದೆ. ಅವರ ಮಗಳು ದೇಚಮ್ಮ ನನ್ನ ಶಿಷ್ಯೆ. ಲೆಕ್ಕದಲ್ಲಿ ಸಾಧಾರಣ, ಅಥವಾ ನನ್ನ ಪಾಠವೇ ಸಾಧಾರಣ. ಮುಂದೆ ಮನಶ್ಶಾಸ್ತ್ರ ಓದಿ, ಸಂಗೀತ ಕೇಳುವಾಗ ಮಿದುಳು ಏನು ಮಾಡುತ್ತದೆಂದು ಹುಡುಕಹೊರಟಳು. ಒಂದು ಬೇಸಿಗೆ ವೈರುಗಳ ಟೊಪ್ಪಿ, ಕಂಪ್ಯೂಟರು ಹೊತ್ತು ಊರಿಗೆ ಬಂದಳು. ಜನರಿಗೆ ಮದುವೆಯ ವಾಲಗ ಕೇಳಿಸಿ ಮಿದುಳಿನ ಗೆರೆ ಹಿಡಿಯಬೇಕು. ಕೇಳುವವರು ಅಲುಗಿದರೆ ಗೆರೆ ಕೆಡುತ್ತದೆ. ಈ ಸಲವೂ ಬರಿಗೈಲಿ ಮರಳಿದರೆ ಅವಳ ಗೈಡು ಸಂಶೋಧನೆಯನ್ನೇ ನಿಲ್ಲಿಸುವವರಿದ್ದರು.

ವಾಲಗ ಕೇಳಿ ಅಲುಗದವರನ್ನು ಶ್ರೀಮಂಗಲದಲ್ಲಿ ಹುಡುಕಿದಳು, ಪುಣ್ಯಾತಿಗಿತ್ತಿ. ಇಲ್ಲಿ ಮದುವೆಯಲ್ಲಿ ಡೋಲು ಬಿದ್ದರೆ ಮುದುಕರೂ ಕೈಯ ಗ್ಲಾಸಿನಿಂದ ಹನಿ ಚೆಲ್ಲದೆ ಕುಣಿಯುತ್ತಾರೆ. ಮೊದಲು ಕುಟ್ಟಪ್ಪನವರೇ ಕೂತರು. ಪರದೆಯ ಮೇಲೆ ಭೂಕಂಪ.

"ಅಪ್ಪ, ಆಡ್ಬೇಡಿ ಅಂದೆ."

"ನಾನೆಲ್ಲಿ ಆಡ್ದೆ ಕುಂಞಿ ಮಗಳೇ? ಕಾಲು ಆಡ್ತು. ನೀ ವೈರ್ ಹಾಕಿದ್ದು ತಲೆಗೆ ತಾನೆ?"

ನೆಂಟರು, ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಎಲ್ಲರೂ ಕೂತರು, ಎಲ್ಲರೂ ಕೆಡಿಸಿದರು. ಸಂಜೆ ಅವಳು ಮೆಟ್ಟಿಲ ಮೇಲೆ ಕೂತು ಬ್ಯಾಂಕ್ ಕೆಲಸದ ಜಾಹೀರಾತು ಓದುತ್ತಿದ್ದಳು. ಆಗ ಮಳೆ ಬರುತ್ತಿತ್ತೆಂದು ನೆನಪು. ದುಃಖ ಕಂಡಲ್ಲೆಲ್ಲ ನೆನಪು ಮಳೆ ಸುರಿಸುತ್ತದೆ, ನಂಬಬೇಡಿ.

ನಾನು ಕೊಡಗಿನ ಇನ್ನೊಂದು ತುದಿಯ ಶಿರಂಗಾಲದವನು. ನಮ್ಮ ಮನೆಯವರು ವಾಲಗವನ್ನು ಕೈಕಟ್ಟಿ ಕೂತು ಕೇಳುವವರು. ಇಲ್ಲಿನ ಮದುವೆಗಳಲ್ಲಿ ನಾನು ಗೋಡೆಗೊರಗಿಯೇ ಹೆಸರು ಮಾಡಿದ್ದೆ. ನನ್ನ ತಲೆ ತಗೋ ಎಂದೆ. ವೈರು ಹಿಡಿಯಲೆಂದು ತಲೆಗೆ ತಣ್ಣನೆಯ ಜೆಲ್ ಮೆತ್ತಿದಳು. ಅಪ್ಪನಿಂದ ಪಾಠ ಕಲಿತು ಕಾಲಿಗೂ ವೈರು ಅಂಟಿಸಿದಳು. ಕಲ್ಲಿನಂತೆ ಕೂತೆ. ತಲೆಯ ಗೆರೆ ಚೊಕ್ಕವಾಗಿ ಬಂತು. ಕಾಲಿನದು ಮಾತ್ರ ಡೋಲಿನ ಪ್ರತಿ ಪೆಟ್ಟಿಗೂ ಸಣ್ಣಗೆ ಎದ್ದು ಬೀಳುತ್ತಿತ್ತು.

"ಸಾರ್, ನೀವು ಸುಮ್ನೆ ಕೂತಿಲ್ಲ. ತಡ್ಕೊಂಡು ಕೂತಿದ್ದೀರಿ."

ಆ ತಡೆದುಕೊಳ್ಳುವಿಕೆಯೇ ಅವಳ ವಿಷಯವಾಯಿತು. ಶಿರಂಗಾಲದ ನನ್ನ ನೆಂಟರೆಲ್ಲ ಬಂದು ಅವಳೆದುರು ಬಿಗಿದುಕೊಂಡು ಕೂತರು. ಈಗ ಅವಳಿಗೊಂದು ಲ್ಯಾಬಿದೆ, ಶಿಷ್ಯರಿದ್ದಾರೆ. ಕುಟ್ಟಪ್ಪನವರು ಮಾತ್ರ ಆ ಚೊಕ್ಕ ಗೆರೆ ಕೊಟ್ಟದ್ದು ತಮ್ಮದೇ ತಲೆ ಎಂದು ಕಂಡವರಿಗೆಲ್ಲ ಹೇಳುತ್ತಾರೆ; ಕೇಳಿ ಕೇಳಿ ನನಗೂ ಅನುಮಾನ. ನನ್ನ ಕಷ್ಟ ಬೇರೆ. ಅವಳ ಆ ಮಾತು ಕಿವಿಗೆ ಬಿದ್ದ ಮೇಲೆ ತಡೆದುಕೊಳ್ಳುವುದು ವರ್ಷದಿಂದ ವರ್ಷಕ್ಕೆ ಬಿಗಿ ತಪ್ಪುತ್ತಿದೆ.

ನಿನ್ನೆ ಊರಿಗೆ ಬಂದವಳು ಹೊಸ ಪ್ರಯೋಗಕ್ಕೆ ಕರೆದಳು. ಹಳೆಯ ಗತ್ತಿನಲ್ಲೇ ಕೂತೆ. ವಾಲಗ ಶುರುವಾಯಿತು. ಸ್ವಲ್ಪ ಹೊತ್ತಿಗೆ ಅವಳು ಪರದೆ ಬಿಟ್ಟು ನನ್ನ ಕಾಲನ್ನೇ ನೋಡಿದಳು, ಯಂತ್ರ ಆರಿಸಿದಳು.

"ಏಳಿ ಸಾರ್. ಕೆಟ್ಟುಹೋದ್ರಿ ನೀವು."

ವಾಲಗವನ್ನು ಮಾತ್ರ ನಿಲ್ಲಿಸಲಿಲ್ಲ.