ಕಿಟಕಿ ತೆರೆದೇ ಇತ್ತು ಎಂದೆ

ಸವಿತಾಳಿಗೆ ಫಿಟ್ಸ್ ಇರಲಿಲ್ಲ. ಅವಳು ಬಚ್ಚಲಮನೆಯಲ್ಲಿ ಬಿದ್ದ ದಿನವೇ ನನಗದು ಗೊತ್ತಿತ್ತು. ಗೊತ್ತಿದ್ದೂ ನಾನು ಡಾಕ್ಟರಿಗೆ ಸುಳ್ಳು ಹೇಳಿದೆ.

ಸವಿತಾ ನನ್ನ ಮೈದುನನ ಹೆಂಡತಿ, ಕಮಲಾಪುರದ ಹುಡುಗಿ. ತಂದೆ ಇಲ್ಲ; ಬಾಳೆತೋಟ ನೋಡಿಕೊಂಡು ತಾಯಿಯೇ ಬೆಳೆಸಿದ್ದರು. ಕಲಬುರಗಿಯ ನಮ್ಮ ಮನೆಗೆ ಬಂದ ಕೆಲವೇ ವಾರಗಳಲ್ಲಿ ಅತ್ತೆ ಪ್ರತಿಯೊಂದಕ್ಕೂ ಅವಳನ್ನೇ ಕರೆಯತೊಡಗಿದರು. ನಾನು ಹಿರಿಯ ಸೊಸೆ, ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿ — ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ನನಗೆ ಹೊಟ್ಟೆಕಿಚ್ಚು. ಬೇರೆ ಒಳ್ಳೆಯ ಹೆಸರು ಅದಕ್ಕಿಲ್ಲ.

ಆ ವರ್ಷ ಹಿತ್ತಲಿನ ಕಟ್ಟಿಗೆ ಬಾಯ್ಲರ್ ತೆಗೆಸಿ, ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿಯಿಂದ ಗ್ಯಾಸಿನ ಬಾಯ್ಲರ್ ತಂದು ಬಚ್ಚಲಮನೆಯ ಒಳಗೇ ಹಾಕಿಸಿದೆವು. ನಲ್ಲಿ ತಿರುಗಿಸಿದರೆ ಕುದಿನೀರು, ಎಲ್ಲರಿಗೂ ಹಿಗ್ಗು. ಆದರೆ ಮೇಲಿನ ಸಣ್ಣ ಕಿಟಕಿಯ ಗಾಜುಪಟ್ಟಿಗಳ ಸಂದಿಯಿಂದ ಚಳಿಗಾಲದ ಗಾಳಿ ನುಗ್ಗುತ್ತಿತ್ತು. ಒಂದು ಬೆಳಿಗ್ಗೆ ಹಿತ್ತಲ ಕಡೆಯಿಂದ ಹೋಗಿ ಆ ಕಿಟಕಿಗೆ ಪ್ಲೈವುಡ್ ಹಲಗೆ ಬಡಿದೆ. ಒಳಗಿನಿಂದ ಕಾಣುವುದು ಮಬ್ಬುಗಾಜು ಮಾತ್ರ, ಯಾರಿಗೂ ತಿಳಿಯಲಿಲ್ಲ.

ಮುಚ್ಚಿದ ಕೋಣೆಯಲ್ಲಿ ಬೆಂಕಿ ಉರಿದರೆ ಅಲ್ಲಿಯ ಆಮ್ಲಜನಕ ತೀರುತ್ತದೆ, ಆಮೇಲೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ — ಇದನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತಿದ್ದವಳು. ಹಲಗೆ ಬಡಿದ ಮೇಲೆ ನನಗೇ ಒಂದು ದಿನ ಸ್ನಾನದ ನಡುವೆ ತಲೆ ತಿರುಗಿತು. ಅನುಮಾನ ಬಂತು. ಅಂದಿನಿಂದ ನಾನು ಬಕೆಟ್ ತುಂಬಿಸಿ, ಬಾಯ್ಲರ್ ಆರಿಸಿ, ಬಾಗಿಲು ಸ್ವಲ್ಪ ತೆರೆದಿಟ್ಟು ಸ್ನಾನ ಮಾಡತೊಡಗಿದೆ. ಹಲಗೆ ತೆಗೆಯಲಿಲ್ಲ. ನಾಳೆ ತೆಗೆದರಾಯಿತು ಎಂದು — ಅಷ್ಟೇ. ಯಾರಿಗೂ ಒಂದು ಮಾತು ಹೇಳಲೂ ಇಲ್ಲ.

ಸವಿತಾ ಬಂದು ಹೇಳಿದ್ದಳು: "ಅಕ್ಕಾರ, ಒಳಗ ಉಸಿರು ಕಟ್ಟಿದಂಗ ಆಗ್ತದ್ರಿ."

"ತ್ವಾಟದಾಗ ಬೆಳೆದಾಕಿ, ಬಂದ್ ಮನಿ ಒಗ್ಗಂಗಿಲ್ಲ ಬಿಡು," ಎಂದು ನಕ್ಕೆ.



ಒಂದು ಸೋಮವಾರ ಅವಳು ತಲೆಸ್ನಾನಕ್ಕೆ ಹೋದಳು. ಉದ್ದ ಕೂದಲು, ಬಾಯ್ಲರ್ ಬಹಳ ಹೊತ್ತು ಉರಿಯಿತು. ಧಡ್ ಎಂದು ಸದ್ದಾಯಿತು. ಮೈದುನ ಬಾಗಿಲು ಒದ್ದು ತೆಗೆದಾಗ ಅವಳ ಕೈಕಾಲು ಸೆಟೆದು ಅದುರುತ್ತಿದ್ದವು. ಎಲ್ಲರೂ ಅವಳನ್ನು ಹೊರಗೆ ಎಳೆದು ಹಾಕಿ ಗಾಳಿ ಬೀಸುತ್ತಿದ್ದರೆ ನಾನು — ನಾನು ಹಿತ್ತಲಿಗೆ ಓಡಿ ಹಲಗೆ ಕಿತ್ತೆ. ಅದನ್ನು ಕಟ್ಟಿಗೆಯ ರಾಶಿಯ ಕೆಳಗೆ ತುರುಕಿ, ಕೈ ತೊಳೆದುಕೊಂಡು ಬಂದು, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗೋಳಾಡಿದೆ. ಎಂಥ ಹೇಸಿ ಹೆಂಗಸು ನಾನು!

ಆಸ್ಪತ್ರೆಯಲ್ಲಿ ಡಾಕ್ಟರು ಸರಿಯಾದ ಪ್ರಶ್ನೆಯನ್ನೇ ಕೇಳಿದರು: "ಬಚ್ಚಲದಾಗ ಗ್ಯಾಸ್ ಬಾಯ್ಲರ್ ಅದನ್ರಿ? ಗಾಳಿ ಆಡ್ತದೇನು?"

ಎಲ್ಲರಿಗಿಂತ ಮೊದಲು ನಾನೇ ಬಾಯಿ ಬಿಟ್ಟೆ. "ಕಿಟಕಿ ಅದರಿ. ಯಾವತ್ತೂ ತೆರೆದೇ ಇರ್ತದ."

ತಪಾಸಣೆಗಳಲ್ಲಿ ಬೇರೇನೂ ಸಿಗಲಿಲ್ಲ. ಫಿಟ್ಸ್ ಇರಬಹುದು ಎಂದು ಗುಳಿಗೆ ಬರೆದುಕೊಟ್ಟರು. ಗುಳಿಗೆ ನುಂಗಿ ಅವಳು ಹಗಲೆಲ್ಲ ತೂಕಡಿಸುವಳು. ಕೈಯಿಂದ ಪಾತ್ರೆ ಜಾರುವುದು. "ರೋಗ ಮುಚ್ಚಿಟ್ಟು ಮದಿವಿ ಮಾಡ್ಯಾರ," ಎಂದರು ಅತ್ತೆ. ಮುಚ್ಚಿಟ್ಟವಳು ನಾನು, ಅವರ ಎದುರಿಗೇ ಕೂತು ಚಹಾ ಸೋಸುತ್ತಿದ್ದೆ. ಸವಿತಾಳನ್ನು ತವರಿಗೆ ಕಳಿಸಿದರು. ಆಮೇಲೆ ಸಂಬಂಧವೂ ಕಡಿದುಹೋಯಿತು. ಮೈದುನನಿಗೆ ಬೇರೆ ಮದುವೆಯಾಯಿತು. ಆ ಮದುವೆಯಲ್ಲಿ ನಾನು ಹೊಸ ಸೀರೆ ಉಟ್ಟು ಓಡಾಡಿದೆ, ಹೋಳಿಗೆ ಬಡಿಸಿದೆ.

ವರ್ಷಗಳು ಕಳೆದವು. ಈ ಚಳಿಗಾಲದಲ್ಲಿ ಸವಿತಾಳ ತಾಯಿ ತೀರಿಕೊಂಡ ಸುದ್ದಿ ಬಂತು. ಮನೆಯಿಂದ ಯಾರೂ ಹೊರಡಲಿಲ್ಲ. ನಾನೊಬ್ಬಳೇ ಕಮಲಾಪುರದ ಬಸ್ಸು ಹತ್ತಿದೆ. ಹೇಳಬೇಕೆಂದೇ ಹೋದೆನೋ, ಸುಮ್ಮನೆ ಮುಖ ತೋರಿಸಿ ಬರಲು ಹೋದೆನೋ — ಈಗಲೂ ಖಚಿತವಾಗಿ ಹೇಳಲಾರೆ.

ಸವಿತಾ ಚಾಪೆ ಹಾಸಿದಳು, ನೀರು ಕೊಟ್ಟಳು. ಕೂದಲು ಮೋಟಾಗಿ ಕತ್ತರಿಸಿಕೊಂಡಿದ್ದಳು. "ಅವ್ವ ಸಾಯೋತನಕ ಒಂದೇ ಮಾತು ಅಕ್ಕಾರ," ಎಂದಳು. "'ಇದು ನನ್ನ ಹೊಟ್ಟ್ಯಾಗಿಂದ ಬಂದ ರೋಗ, ನನ್ನಿಂದ ನಿನ್ನ ಬಾಳು ಹಾಳಾತು' ಅಂತ. ನಾ ಸ್ನಾನ ಮುಗಿಸೋತನಕ ಬಾಗಿಲ ಮುಂದ ಕುಂಡ್ರಾಕಿ. ಇಷ್ಟು ವರ್ಷ ಒಂದಿನಾನೂ ಚಿಲಕ ಹಾಕಗೊಡಲಿಲ್ಲ."

ನೀರಿನ ಲೋಟ ಕೆಳಗಿಟ್ಟೆ. ಹೇಳಿಬಿಟ್ಟೆ. ಹಲಗೆ ಬಡಿದದ್ದು, ಕಿತ್ತದ್ದು, ಡಾಕ್ಟರ ಎದುರು ಆಡಿದ ಮಾತು, ಎಲ್ಲ.

ಅವಳು ಅಳಲಿಲ್ಲ. ನನ್ನ ಮುಖ ನೋಡಿದಳು — ತಟ್ಟೆಯಲ್ಲಿ ಹುಳ ಕಂಡವರು ನೋಡುವ ಹಾಗೆ. "ಹೋದ ತಿಂಗಳು ಬಂದು ಹೇಳಿದ್ರ ಅವ್ವ ಕೇಳತಿದ್ಲು," ಎಂದಳು. ಆಮೇಲೆ, "ನನಗೊಬ್ಬಾಕಿಗೆ ಹೇಳಿ ಹಗುರಾಗಿ ಹೋಗಬ್ಯಾಡ್ರಿ. ರೋಗ ಮುಚ್ಚಿಟ್ಟು ಮದಿವಿ ಮಾಡಿದಾಕಿ ಅಂತ ಈ ಓಣ್ಯಾಗ ಎಲ್ಲಾರೂ ಅವ್ವಗ ಅಂದಾರ. ಅವರ ಮುಂದ ಹೇಳ್ರಿ."

ಅಂದು ನನ್ನಿಂದ ಆಗಲಿಲ್ಲ. ತಲೆ ತಗ್ಗಿಸಿ ಬಸ್ಸು ಹತ್ತಿದೆ.

ಮನೆಗೆ ಬಂದು ಊಟಕ್ಕೆ ಕೂತವರ ಎದುರು ಹೇಳಿದೆ. ಮೈದುನ ಉಣ್ಣುವುದು ಬಿಟ್ಟು ಎದ್ದುಹೋದ. "ಈಗ್ಯಾಕ ಬೇಕಿತ್ತು ಇದೆಲ್ಲಾ?" ಎಂದರು ನನ್ನ ಗಂಡ. ಅಂದಿನಿಂದ ಅತ್ತೆ ನನ್ನ ಕೈಯ ನೀರು ಮುಟ್ಟುತ್ತಿಲ್ಲ. ಮುಟ್ಟಬಾರದು ಕೂಡ.

ನಾಳೆ ಸವಿತಾಳ ತಾಯಿಯ ದಿನಕರ್ಮ. ಓಣಿಯವರೆಲ್ಲ ಅಲ್ಲಿ ಊಟಕ್ಕೆ ಸೇರುತ್ತಾರೆ. ನನ್ನನ್ನು ಯಾರೂ ಕರೆದಿಲ್ಲ. ಹೋಗುತ್ತೇನೆ. ಅವರು ಕೈ ತೊಳೆಯಲು ಏಳುವ ಮೊದಲೇ ನಡುವೆ ನಿಂತು, ಆ ತಾಯಿಯ ಹೆಸರು ಹೇಳಿ ಶುರು ಮಾಡುತ್ತೇನೆ.