ಕಣ್ಣೊಳಗಿನ ಗಾಳಿ, ಅಕ್ಕನ ಮುಡಿ

ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ ಅನ್ನುತ್ತಾರೆ. ಮಗನ ಮಾತು ನನಗೆ ಗೊತ್ತಿಲ್ಲ. ಕಣ್ಣಿನ ಮಾತು ಮಾತ್ರ ಗಾದೆ ಕಟ್ಟಿದವರ ಬಾಯಿಗೆ ಮಣ್ಣು ಹಾಕಬೇಕೆನ್ನಿಸುವಷ್ಟು ನಿಜ. ನನ್ನ ಎಡಗಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಉಳಿದ ಬಲಗಣ್ಣನ್ನು ನಂಬಿಕೊಂಡು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುತ್ತಿದ್ದೆ. ಒಂದು ಬೆಳಿಗ್ಗೆ ಆ ಕಣ್ಣಿಗೂ ಪರದೆ ಇಳಿದಂತಾಯಿತು. ರೆಟಿನಾ ಕಳಚಿಕೊಂಡಿದೆ ಎಂದರು ಮೈಸೂರಿನ ಡಾಕ್ಟರು.

ಆಪರೇಷನ್ ಮಾಡಿ ಕಣ್ಣೊಳಗೆ ಒಂದು ಬಗೆಯ ಗಾಳಿ ತುಂಬಿದರು. ಅದು ರೆಟಿನಾವನ್ನು ಒತ್ತಿ ಹಿಡಿದು ಅಂಟಿಸುತ್ತದೆ, ಆಮೇಲೆ ತಾನಾಗಿ ಕರಗುತ್ತದೆ, ಕರಗುವವರೆಗೆ ವಿಮಾನ ಹತ್ತಬಾರದು ಎಂದರು. ಯಳಂದೂರಿನಿಂದ ಬಂದು ಜೊತೆಗಿದ್ದ ಅಕ್ಕ ನಕ್ಕೇಬಿಟ್ಟಳು.

"ಇಮಾನ್ವಾ? ಬಸ್ಸಲ್ಲಿ ಸೀಟ್ ಸಿಕ್ಕುದ್ರೇ ನಮ್ ಪುಣ್ಯ ಸಾ."

ನಾನೂ ನಕ್ಕೆ.

ಅಕ್ಕನ ಮನೆಯಲ್ಲಿ ಡಾಕ್ಟರು ಹೇಳಿದಂತೆ ಮುಖ ಕೆಳಗೆ ಮಾಡಿಕೊಂಡೇ ಬಿದ್ದಿದ್ದೆ. ಅವಳು ನೆಲದ ಮೇಲೆ ಕೂತು ಮುದ್ದೆ ಮುರಿದು ಬಾಯಿಗಿಡುತ್ತಿದ್ದಳು. ಬರಬರುತ್ತಾ ಕಣ್ಣಿನ ಮೇಲುಗಡೆ ತಿಳಿಯಾಯಿತು. ಕೆಳಗಡೆ ಮಾತ್ರ ಗಾಳಿಯ ಗುಳ್ಳೆ, ಚೊಂಬಿನ ನೀರಿನಂತೆ ಅಲುಗುವ ಒಂದು ಗೆರೆ. ಗೆರೆಯ ಮೇಲೆ ಅಕ್ಕನ ಮುಖ ಕಂಡ ದಿನ ಅತ್ತುಬಿಟ್ಟೆ. ಅವಳು ಆಗ ಬಾಯಿಬಿಟ್ಟಳು.

"ನಿನ್ ಕಣ್ ಬಂದ್ರೆ ನನ್ ಮುಡಿ ಕೊಡ್ತೀನಿ ಅಂತ ಬೆಟ್ಟದ ರಂಗಪ್ಪಂಗೆ ಹರಕೆ ಏಳ್ಕಂಡಿವ್ನಿ ಕಣೇ. ನೀನು ಎದ್ರುಗ್ ನಿಂತು ನೋಡ್ಬೇಕು."

ಸೊಂಟ ಮುಟ್ಟುವ ಕೂದಲು ಅವಳದು; ಊರಲ್ಲೆಲ್ಲ ಅದರದೇ ಜಂಬ. ಗುಳ್ಳೆ ಪೂರ್ತಿ ಹೋಗಲಿ ಅಂದೆ.

"ಹರಕೆ ಮುಂದ್ಕಾಕುದ್ರೆ ಕೊಟ್ಟೋನೇ ಕಿತ್ಕತಾನೆ," ಅಂದಳು. ಆ ಮಾತಿಗೆ ಹೆದರಿದೆ.

ಬೆಟ್ಟದ ಬಸ್ಸು ತಿರುವುಗಳನ್ನು ಏರತೊಡಗಿದಾಗ ಗೆರೆಯೂ ಏರತೊಡಗಿತು. ಮೊದಲು ಮುಂದಿನ ಸೀಟು ಮುಚ್ಚಿತು, ಆಮೇಲೆ ಡ್ರೈವರನ ಬೆನ್ನು. ಕಣ್ಣುಗುಡ್ಡೆ ಒಳಗಿನಿಂದ ಸಿಡಿಯುವಂಥ ನೋವು.

"ಅಕ್ಕಾ, ಗೆರೆ ಮೇಲಕ್ ಬತ್ತಾ ಅದೆ!"

"ತಿರುವು ಜಾಸ್ತಿ, ತಲೆ ಸುತ್ತದೆ. ನಿಂಬೆಣ್ ಮೂಸು."

ಬೆಟ್ಟದ ಮೇಲೆ ಬಸ್ಸಿಳಿಯುವ ಹೊತ್ತಿಗೆ ಎಲ್ಲ ಕಪ್ಪು. ಮೆಟ್ಟಿಲ ಹತ್ತಿರವೇ ವಾಂತಿಯಾಯಿತು. ಹರಕೆ ತಡವಾಗಿದ್ದಕ್ಕೇ ಹೀಗಾಯಿತೆಂದು ಅಕ್ಕನ ಲೆಕ್ಕ. "ಒಪ್ಪಿಸ್ಬುಡ್ತೀನಿ ತಡಿಯೇ, ಅವ್ನೇ ಬಿಡಿಸ್ತಾನೆ," ಎಂದು ನನ್ನ ಕೈ ಹಿಡಿದುಕೊಂಡೇ ಕೂತು ತಲೆ ಬೋಳಿಸಿಕೊಂಡಳು. ಕತ್ತಿ ಕೆರೆಯುವ ಸದ್ದು ಕೇಳಿತು. ಎದುರಿಗೆ ನಿಂತಿದ್ದೆ, ನೋಡಲಿಲ್ಲ.

ಮೈಸೂರು ಮುಟ್ಟಿದ ಮೇಲೆ ಡಾಕ್ಟರು ಕೇಳಿದ ಮೊದಲ ಮಾತು, "ಯಾವುದಾದ್ರೂ ಬೆಟ್ಟ ಹತ್ತಿದ್ರಾ?" ಎತ್ತರಕ್ಕೆ ಹೋದಂತೆ ಕಣ್ಣೊಳಗಿನ ಗಾಳಿ ಹಿಗ್ಗುತ್ತದಂತೆ, ಹಿಗ್ಗಿ ರಕ್ತದ ದಾರಿಯನ್ನೇ ಹಿಸುಕುತ್ತದಂತೆ. ಸೂಜಿ ಹಾಕಿ ಗಾಳಿ ತೆಗೆದರು. ಕಣ್ಣಿನ ನರ ಆಗಲೇ ಸತ್ತಿತ್ತು.

"ವಿಮಾನ ಬೇಡ ಅಂದಿದ್ವಲ್ಲಮ್ಮ," ಎಂದರು.

"ಬೆಟ್ಟ ಅನ್ನಕ್ಕೆ ಬಾಯಿ ಬರ್ನಿಲ್ವಾ ಸಾ ನಿಮ್ಗೆ!" ಎಂದು ಕಿರುಚಿದೆ. ನಮ್ಮ ಸೀಮೆಯವರಿಗೆ ಎತ್ತರ ಎಂದರೆ ಬೆಟ್ಟವೇ ಅಲ್ಲವೇ? ಪಕ್ಕದಲ್ಲಿದ್ದ ಅಕ್ಕ ಹಿಡಿದಿದ್ದ ನನ್ನ ಕೈ ಬಿಟ್ಟಳು.

ಈಗ ನಾನು ಅವಳ ಮನೆಯಲ್ಲೇ ಇದ್ದೇನೆ. ದಿನವೂ ಬೆಳಿಗ್ಗೆ ಅವಳ ಪ್ರಶ್ನೆ ಒಂದೇ. "ಒಸಿ ಬೆಳಕು ಕಂಡ್ತಾ?" ಮೊದಮೊದಲು ಇಲ್ಲ ಎನ್ನುತ್ತಿದ್ದೆ, ಅವಳು ದಿನವೆಲ್ಲ ಅಳುತ್ತಿದ್ದಳು. ಈಚೆಗೆ "ಒಸಿ ಕಂಡಂಗಾಯ್ತದೆ ಕಣಕ್ಕ" ಎನ್ನುತ್ತೇನೆ.

ಅವಳ ಕೂದಲು ಭುಜ ದಾಟಿದೆ. ಎಣ್ಣೆ ಹಚ್ಚಿ ಜಡೆ ಹಾಕುವುದು ನನ್ನ ಕೆಲಸ; ಕುಚ್ಚು ಕಟ್ಟಿದ ಕೈಗೆ ಅದಕ್ಕೆ ಕಣ್ಣು ಬೇಡ. ಮೊನ್ನೆ, ತುದಿ ಸೀಳಿದೆ, ಕತ್ತರಿಸಲೇ ಎಂದೆ. ಅಕ್ಕ ಜಡೆಯನ್ನು ನನ್ನ ಕೈಯಿಂದ ಎಳೆದುಕೊಂಡಳು.

"ಮುಟ್ಬ್ಯಾಡ ಕಣೇ. ರಂಗಪ್ಪಂಗೆ ತಿರ್ಗಾ ಏಳ್ಕಂಡಿವ್ನಿ."