ಮಂಗಳವಾರದ ಮೊದಲ ವಡೆ

ಮಾನ್ವಿಯ ಬಸ್ ನಿಲ್ದಾಣದ ಹೊರಗೆ, ಗೋಡೆಗೆ ಆತುಕೊಂಡು ಒಂದು ತಳ್ಳುಬಂಡಿ ನಿಂತಿರುತ್ತದೆ. ತಳ್ಳುಬಂಡಿ ಎಂಬುದು ಹೆಸರಿಗೆ ಮಾತ್ರ. ಅದರ ಗಾಲಿ ಉರುಳಿದ್ದನ್ನು ನಾನಂತೂ ನೋಡಿಲ್ಲ. ಬಂಡಿಯ ಮೇಲೊಂದು ಒಲೆ, ಒಲೆಯ ಮೇಲೆ ಕಪ್ಪು ಬಾಣಲೆ, ಪಕ್ಕದ ಪಾತ್ರೆಯಲ್ಲಿ ರುಬ್ಬಿದ ಕಡಲೆಬೇಳೆ. ಸಿಗುವುದು ವಡೆ ಒಂದೇ. ಮಿರ್ಚಿ ಇಲ್ಲ, ಮಂಡಕ್ಕಿ ಒಗ್ಗರಣೆ ಇಲ್ಲ, ಚಹಾ ಇಲ್ಲ. ಹತ್ತು ರೂಪಾಯಿಗೆ ಮೂರು ವಡೆ, ಕಡಿದುಕೊಳ್ಳಲು ಒಂದು ಕರಿದ ಹಸಿಮೆಣಸಿನಕಾಯಿ. ಯಾರಾದರೂ ಚಟ್ನಿ ಕೇಳಿದರೆ ಬಂಡಿಯ ಒಡತಿ, "ವಡಿ ಚಲೋ ಇದ್ರ ಚಟ್ನಿ ಯಾಕ್ರೀ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಾಳೆ. ಅರವತ್ತು ದಾಟಿದ ಹೆಂಗಸು. ಎಲ್ಲರೂ ಅವಳನ್ನು ಅವ್ವ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ.

ನಾನು ಗಣಿತದ ಮಾಸ್ತರ. ಮನೆ ರಾಯಚೂರಿನಲ್ಲಿ, ಶಾಲೆ ಮಾನ್ವಿಯಲ್ಲಿ. ದಿನಾ ಬೆಳಿಗ್ಗೆ ಕಲ್ಮಲ, ನೀರಮಾನ್ವಿ ದಾಟಿ ಬರುವುದು, ಸಂಜೆ ಅದೇ ದಾರಿಯಲ್ಲಿ ಮರಳುವುದು. ಇದಕ್ಕೆ ಮೊದಲು ಏಳು ವರ್ಷ ದೇವದುರ್ಗದಲ್ಲಿದ್ದೆ. ಅಲ್ಲಿಯೂ ವಡೆ ಬಿಟ್ಟವನಲ್ಲ, ಆದರೆ ನಾನು ಹೋಗುತ್ತಿದ್ದ ಹೋಟೆಲಿನವ ಬೇಳೆಯನ್ನು ದೋಸೆಹಿಟ್ಟಿನಂತೆ ನುಣ್ಣಗೆ ರುಬ್ಬಿಬಿಡುತ್ತಿದ್ದ. ಅದನ್ನು ವಡೆ ಎನ್ನಲು ನನಗೆ ಬಾಯಿ ಬರಲಿಲ್ಲ. ವಡೆ ಎಂದರೆ ಅಂಚು ಮುರಿದಾಗ ಸದ್ದಾಗಬೇಕು, ನಡುವೆ ಮೆತ್ತಗಿರಬೇಕು, ಅಲ್ಲೊಂದು ಇಲ್ಲೊಂದು ಇಡೀ ಬೇಳೆ ಹಲ್ಲಿಗೆ ಸಿಗಬೇಕು. ಈ ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿಯಾಗುವವನಲ್ಲ.

ನಾಲಿಗೆಯ ಬಗ್ಗೆ ನನಗೆ ಜಂಬ ಇತ್ತು, ಒಪ್ಪಿಕೊಳ್ಳುತ್ತೇನೆ. ನಮ್ಮ ತಂದೆ ರಾಯಚೂರಿನ ಒಂದು ಗುಡಿಯಲ್ಲಿ ನೈವೇದ್ಯದ ಅಡುಗೆ ಮಾಡುತ್ತಿದ್ದರು. ದೇವರಿಗೆ ಮುಟ್ಟುವ ಮೊದಲು ಯಾರೂ ರುಚಿ ನೋಡುವಂತಿಲ್ಲ. ಎಲೆ ಹಾಕಿ ಬಡಿಸಿದ ಮೇಲೆ ಅವರು ಮೊದಲು ನನ್ನ ಮುಖ ನೋಡುತ್ತಿದ್ದರು, ಹುಳಿ ಉಪ್ಪಿನ ತೀರ್ಪು ನನ್ನದು. ಅಂಥ ಮನೆಯಲ್ಲಿ ಹುಟ್ಟಿದವನು ಸಂಜೆಯಾದರೆ ಉಳ್ಳಾಗಡ್ಡಿ ಹಾಕಿದ ವಡೆ ತಿಂದು, ಬಾಯಿಗೆ ಒಂದು ಮುಷ್ಟಿ ಸೋಂಪು ಹಾಕಿಕೊಂಡು, ಸಾಧುವಿನಂತೆ ಮನೆಗೆ ಬರುತ್ತಿದ್ದೆ. ಹೆಂಡತಿ ಬಾಗಿಲಲ್ಲೇ, "ಇವತ್ತ ಮೂರೋ, ಆರೋ?" ಎಂದು ಕೇಳುತ್ತಿದ್ದಳು. ಇಷ್ಟು ವರ್ಷದಲ್ಲಿ ಸೋಂಪು ಒಂದು ದಿನವೂ ಕೆಲಸ ಮಾಡಲಿಲ್ಲ.

ಅವ್ವ ನೀರಮಾನ್ವಿ ಯಲ್ಲಮ್ಮನ ಒಕ್ಕಲು. ಮಂಗಳವಾರ ಅವಳಿಗೆ ಒಪ್ಪತ್ತು. ಸಂಜೆ ಮನೆಗೆ ಹೋಗಿ ದೀಪ ಹಚ್ಚುವವರೆಗೆ ಬಾಯಿಗೆ ಏನೂ ಹಾಕುವುದಿಲ್ಲ. ಬೇರೆ ದಿನಗಳಲ್ಲಿ ಮೊದಲ ಒಬ್ಬೆಯ ವಡೆಯೊಂದನ್ನು ಮುರಿದು ತಾನೇ ಉಪ್ಪು ನೋಡಿ ಮುಂದುವರಿಯುವಳು, ಮಂಗಳವಾರ ಮಾತ್ರ ಬೇರೆಯವರ ನಾಲಿಗೆ ಬೇಕು. ನಾನು ಮಾನ್ವಿಗೆ ವರ್ಗವಾಗಿ ಬಂದ ಹೊಸದರಲ್ಲಿ ಒಂದು ಮಂಗಳವಾರ ಎದುರಿಗೆ ಸಿಕ್ಕೆ. "ಸರ, ಒಂಚೂರು ತಿಂದು ಉಪ್ಪು ಹೇಳ್ರಿ" ಎಂದಳು. ಹೇಳಿದೆ. ಮುಂದಿನ ವಾರವೂ ಹೇಳಿದೆ. ಅಲ್ಲಿಂದ ಅದು ನನ್ನ ಹುದ್ದೆಯಾಯಿತು. ಶಾಲೆ ಬಿಡುವ ಹೊತ್ತಿಗೇ ಅವಳು ಒಲೆ ಹಚ್ಚುತ್ತಿದ್ದದ್ದರಿಂದ ಅನುಕೂಲವೂ ಆಯಿತು. ಗಿರಾಕಿಗಳು ಕಾದು ನಿಂತಿರುತ್ತಿದ್ದರು. ನಾನು ಮೊದಲ ವಡೆ ಅಗಿದು, ಒಂದು ಕ್ಷಣ ಕಣ್ಣು ಮುಚ್ಚಿ, "ಸರಿ ಅದ" ಎಂದ ಮೇಲೆಯೇ ಉಳಿದವರ ಕೈಗೆ ಕಾಗದದಲ್ಲಿ ವಡೆ ಬರುತ್ತಿತ್ತು. ಕಣ್ಣು ಮುಚ್ಚುವ ಅಗತ್ಯವೇನೂ ಇರಲಿಲ್ಲ, ಆದರೂ ಮುಚ್ಚುತ್ತಿದ್ದೆ.

ಪಕ್ಕದಲ್ಲಿ ಬಾಳೆಹಣ್ಣು ಮಾರುವ ಹೆಂಗಸೊಬ್ಬಳಿದ್ದಳು, ಅವ್ವನಿಗೆ ಹಳೆಯ ಗೆಳತಿ. "ನನಗ್ಯಾಕ ಕೇಳಂಗಿಲ್ಲಬೇ ನೀನು?" ಎಂದು ಆಕೆ ಮುನಿಸು ತೋರಿಸಿದರೆ ಅವ್ವ, "ನಿನ್ ನಾಲಿಗಿ ಸುದ್ದಿ ಹೇಳಾಕ ಚಲೋ, ಉಪ್ಪು ಹೇಳಾಕಲ್ಲ" ಎನ್ನುತ್ತಿದ್ದಳು. ನನಗೆ ಒಳಗೊಳಗೇ ಖುಷಿ.

ಹೋದ ವರ್ಷ ಚಳಿಗಾಲದಲ್ಲಿ ಎಂಟು ದಿನ ಜ್ವರ ಬಂದು ಮಲಗಿದೆ. ಜ್ವರ ಬಿಟ್ಟ ಮೇಲೆ ಹೆಂಡತಿ ಬಿಸಿ ಅನ್ನಕ್ಕೆ ಸಾರು ಹಾಕಿದಳು. ಇಂಗಿನ ಒಗ್ಗರಣೆ ಚುರ್ ಎಂದದ್ದು ಕಿವಿಗೆ ಕೇಳಿತ್ತು, ಮೂಗಿಗೆ ಏನೂ ಬರಲಿಲ್ಲ. ತುತ್ತು ಬಾಯಿಗಿಟ್ಟರೆ ಒದ್ದೆ ಹತ್ತಿ ಅಗಿದ ಹಾಗೆ. ಉಪ್ಪಿನಕಾಯಿ ನೆಕ್ಕಿದೆ, ಬೆಲ್ಲ ಕಡಿದೆ. ಉಪ್ಪಿಲ್ಲ, ಹುಳಿಯಿಲ್ಲ, ಸಿಹಿಯಿಲ್ಲ. ಡಾಕ್ಟರು, "ಕೆಲವರಿಗೆ ಹಿಂಗಾಗ್ತದ. ವಾರದಾಗ ಬರಬಹುದು, ತಿಂಗಳೂ ಹಿಡೀಬಹುದು" ಎಂದರು. ಬರದೆಯೂ ಇರಬಹುದೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹೆಂಡತಿ, "ಹೋಗ್ಲಿ ಬಿಡ್ರಿ, ಸ್ವಲ್ಪ ದಿನ ಅಡಿಗಿಗೆ ಹೆಸರಿಡೋದು ತಪ್ತು" ಎಂದು ನಕ್ಕಳು. ಆ ದಿನ ಸಂಜೆಯಿಂದಲೇ ಖಾರ ಹುಳಿ ಹೆಚ್ಚು ಹಾಕಿ ಏನೇನೋ ಮಾಡಿ ಬಡಿಸತೊಡಗಿದಳು ಎಂಬುದೂ ನಿಜ.

ಹೆಂಡತಿಗೆ ಹೇಳಿದ್ದನ್ನು ಅವ್ವನಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದರೆ, ಹೇಳಿದರೆ ಆ ಜಾಗ ಬೇರೆಯವರಿಗೆ ಹೋಗುತ್ತಿತ್ತು. ಮೂವತ್ತು ವರ್ಷ ಪಾಠ ಮಾಡಿದ್ದಕ್ಕಿಂತ, ಎಣ್ಣೆ ಸಿಡಿಯುವ ಆ ಬಂಡಿಯ ಪಕ್ಕ ನಿಂತು "ಸರಿ ಅದ" ಎನ್ನುವುದರಲ್ಲಿ ನನಗೆ ಹೆಚ್ಚಿನ ಗೌರವ ಕಂಡಿತ್ತು. ನಾಚಿಕೆಯ ಮಾತು, ಆದರೆ ಇದ್ದದ್ದೇ ಹಾಗೆ.

ಜ್ವರದ ನಂತರದ ಮೊದಲ ಮಂಗಳವಾರ ಅವ್ವ, "ಎಲ್ಲಿ ಹೋಗಿದ್ರಿ ಸರ, ನಿಮ್ಮ ದಾರಿ ನೋಡಿ ನೋಡಿ ಸಾಕಾತು" ಎಂದು ವಡೆ ಕೊಟ್ಟಳು. ಅಂಚು ಕರುಂ ಎಂದಿತು. ಮೆಣಸಿನಕಾಯಿ ಸಿಕ್ಕಲ್ಲಿ ನಾಲಿಗೆ ಉರಿಯಿತು. ಅಷ್ಟೇ, ಬೇರೇನೂ ಇಲ್ಲ. ಕಣ್ಣು ಮುಚ್ಚಿ "ಸರಿ ಅದ" ಎಂದೆ. ಯಾರೂ ಏನೂ ಅನ್ನದೆ ತಿಂದರು. ಎರಡನೆಯ ವಾರವೂ ಹಾಗೆಯೇ ಪಾರಾದೆ. ಉತ್ತರ ಗೊತ್ತಿಲ್ಲದಿದ್ದರೆ ಖಾಲಿ ಬಿಡಿ, ಬಾಯಿಗೆ ಬಂದದ್ದು ಬರೆಯಬೇಡಿ ಎಂದು ಮಕ್ಕಳಿಗೆ ಹೇಳಿ ಬಂದ ಬಾಯಿ ಅದು.

ಅವ್ವ ಹಿಟ್ಟಿಗೆ ಉಪ್ಪು ಹಾಕುವುದು ಎಣ್ಣೆ ಕಾದ ಮೇಲೆಯೇ. ಮೊದಲೇ ಹಾಕಿದರೆ ಉಳ್ಳಾಗಡ್ಡಿ ನೀರು ಬಿಟ್ಟು ವಡೆ ಒಡೆಯುತ್ತದೆ. ಮೂರನೆಯ ಮಂಗಳವಾರ ಅವಳು ಉಪ್ಪು ಹಾಕಿ ಕಲಸುತ್ತಿದ್ದಳು. ಅಷ್ಟರಲ್ಲಿ ಸಿಂಧನೂರಿನ ಬಸ್ಸು ಬಂತು, ಇಳಿದವರೆಲ್ಲ ಬಂಡಿಗೆ ಮುತ್ತಿಕೊಂಡರು, ಯಾರಿಗೋ ಚಿಲ್ಲರೆ ಕೊಡಲು ಅವಳು ಆಚೆ ಸರಿದಳು. ಮರಳಿ ಬಂದು ಮತ್ತೆ ಉಪ್ಪಿನ ಡಬ್ಬಿಗೆ ಕೈ ಹಾಕಿದಳು. ನಾನು ನೋಡಿದೆ. ಮೊದಲು ಹಾಕಿದ್ದು ಸೋಡಾ ಇರಬೇಕು ಎಂದುಕೊಂಡು ಸುಮ್ಮನಾದೆ. ವಡೆ ಕೈಗೆ ಬಂತು. ತಿಂದೆ, ಅನುಮಾನ ಬರಬಾರದೆಂದು ಇನ್ನೊಂದನ್ನೂ ತಿಂದೆ. "ಸರಿ ಅದ, ಯವ್ವಾ" ಎಂದೆ.

ಮೊದಲು ಉಗುಳಿದವಳು ಬಾಳೆಹಣ್ಣಿನಾಕೆ.

"ಯವ್ವಯ್ಯವ್ವ! ಉಪ್ಪಿನ ಚೀಲನ ಸುರುವಿ ಏನಬೇ?"

ಹಿಂದೆಯೇ ಒಬ್ಬೊಬ್ಬರೂ ಉಗುಳಿದರು. ಅರ್ಧ ತಿಂದ ವಡೆಗಳು ಬಂಡಿಯ ಕೆಳಗೆ ಬಿದ್ದವು. ಅವ್ವ ನನ್ನ ಕಡೆ ನೋಡಿದಳು. ಆ ಹೊತ್ತಿಗೆ ರಾಯಚೂರಿನ ಬಸ್ಸು ಬಂತು. ನಾನು ಹತ್ತಿದೆ. ಹೆದರಿ ಓಡಿದೆ ಎಂದರೂ ತಪ್ಪಿಲ್ಲ. ನೀರಮಾನ್ವಿಯಲ್ಲಿ ಬಸ್ಸು ನಿಂತಾಗ ಗುಡಿಯ ಕಡೆ ಮುಖ ಮಾಡುವುದಕ್ಕೂ ಆಗದೆ, ಮುಂದಿನ ಸೀಟಿನ ಬೆನ್ನು ನೋಡುತ್ತ ಕುಳಿತೆ.

ಒಂದು ವಾರ ಬೇರೆ ಗೇಟಿನಿಂದ ನಿಲ್ದಾಣದೊಳಗೆ ನುಗ್ಗಿ, ಬಿಸ್ಕೀಟು ತಿಂದು ಮನೆಗೆ ಹೋದೆ. ಸೋಂಪೂ ಬೇಕಾಗಲಿಲ್ಲ. ಆದರೆ ಮಂಗಳವಾರ ಬಂದಾಗ ತಡೆಯಲಾಗಲಿಲ್ಲ. ಬೈದರೆ ಬೈಯಲಿ ಎಂದು ಹೋದೆ. ಒಲೆ ಇನ್ನೂ ಹಚ್ಚಿರಲಿಲ್ಲ. ಅವ್ವ ಸ್ಟೂಲಿನ ಮೇಲಿದ್ದ ಬುಟ್ಟಿ ತೆಗೆದು, "ಕುಂದರ್‍ರಿ ಸರ" ಎಂದಳು. ಬೈಗುಳ ಬರಲಿಲ್ಲ. ಬಂದದ್ದು ಇನ್ನೂ ಕಷ್ಟದ್ದು.

"ಅವತ್ತು ಎಲ್ಲಾರೂ ಉಗುಳಿದ್ರು. ನೀವೊಬ್ಬರ ಎರಡು ವಡಿ ನುಂಗಿದ್ರಿ. ಮುದುಕಿ ಕೈ ತಪ್ಪಿತು ಅಂತ ನಾಲ್ಕು ಮಂದಿ ಮುಂದ ಹೇಳಬಾರದು ಅಂತ ಸುಮ್ಮನಾದ್ರಿ. ಅದು ನನಗ ತಿಳೀತು. ನಿಮ್ಮ ಮನಸ್ಸು ದೊಡ್ಡದು." ಉಪ್ಪಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಮುಂದುವರಿಸಿದಳು. "ಆದ್ರ ನನ್ ಕೈ ಕೆಟ್ಟದ ಸರ. ಉಪ್ಪು ಹಾಕಿದ್ದು ನೆನಪಿರವಲ್ದು. ಮೊದಲೂ ಎಷ್ಟು ಸಲ ಹಿಂಗಾಗಿತ್ತೋ, ನೀವು ಎಷ್ಟು ಸಲ ಮುಚ್ಚಿಟ್ರೋ. ನಾಳಿಂದ ಸೊಸಿನ ಬಂದು ಕಲಸ್ತಾಳ, ನಾ ಚಿಲ್ಲರೆ ಕೊಟ್ಕೊಂತ ಕುಂದರ್ತೀನಿ."

ಆ ಮಾತನ್ನು ಅವಳು ನೆಲ ನೋಡುತ್ತ ಹೇಳಿದಳು. ಸುಮ್ಮನಿದ್ದರೆ ನಾನು ದೊಡ್ಡ ಮನಸ್ಸಿನ ಮಾಸ್ತರನಾಗಿ ಉಳಿಯುತ್ತಿದ್ದೆ. ಒಂದು ಗಳಿಗೆ ಆಸೆಯೂ ಆಯಿತು. ಆದರೆ ನನ್ನ ಸುಳ್ಳಿಗಾಗಿ ಅವಳು ತನ್ನ ಕೈಯನ್ನೇ ಬಿಟ್ಟುಕೊಡುತ್ತಿದ್ದಳು.

"ನಿನ್ನ ಕೈ ಕೆಟ್ಟಿಲ್ಲ ಯವ್ವಾ, ನನ್ನ ನಾಲಿಗಿ ಸತ್ತದ" ಎಂದೆ. ಎಲ್ಲವನ್ನೂ ಹೇಳಿದೆ. ಜ್ವರ, ಇಂಗು, ಕಣ್ಣು ಮುಚ್ಚಿ ಹೇಳಿದ ಸುಳ್ಳು, ಎರಡನೆಯ ಸಲ ಉಪ್ಪು ಹಾಕಿದ್ದನ್ನು ಕಂಡದ್ದು.

"ಕಂಡಿದ್ರ ಬಾಯಿ ಬಿಡಬಾರದೇನ್ರಿ?"

"ಮೊದಲ ಹಾಕಿದ್ದು ಸೋಡಾ ಅನ್ಕೊಂಡೆ."

ಅವ್ವ ಎದ್ದು ನಿಂತಳು. "ಸೋಡಾ? ನಾನು? ವಡಿಗೆ?" ಬಾಳೆಹಣ್ಣಿನಾಕೆಯ ಕಡೆ ತಿರುಗಿ, "ಕೇಳಿದೇನಬೇ, ನಾ ವಡಿಗೆ ಸೋಡಾ ಹಾಕ್ತೀನಂತ!" ಎಂದು ಕೂಗಿದಳು. ಮೂರು ವಾರದ ಸುಳ್ಳನ್ನು ಅರ್ಧ ಗಳಿಗೆಯಲ್ಲಿ ಕ್ಷಮಿಸಿದ ಹೆಂಗಸು ಸೋಡಾದ ಮಾತನ್ನು ಇವತ್ತಿಗೂ ಕ್ಷಮಿಸಿಲ್ಲ.

ಸಿಟ್ಟು ಇಳಿದ ಮೇಲೆ ಲೆಕ್ಕದ ಮಾಸ್ತರನಿಗೇ ಲೆಕ್ಕ ಬಿಡಿಸಿ ಹೇಳಿದಳು. "ಮೊದಲ ಎರಡು ವಾರ ನಿಮಗ ನಾಲಿಗಿ ಇರಲಿಲ್ಲ, ನಾನೂ ರುಚಿ ನೋಡಿಲ್ಲ. ಮಂದಿ ಸುಮ್ಮನ ತಿಂದ್ರು. ಅಂದ್ರ ಕೈ ಸರಿ ಅದ. ಬಸ್ಸು ಬಂದಿದ್ದಕ್ಕ ಒಂದು ದಿನ ಮರ್ತೀನಿ, ಅಷ್ಟ." ಸೊಸೆ ಬರುವ ಮಾತು ಅಲ್ಲಿಗೇ ಮುಗಿಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆ ಹಚ್ಚಿದಳು. ಉಪ್ಪು ಹೇಳುವ ಕೆಲಸ ಬಾಳೆಹಣ್ಣಿನಾಕೆಗೆ ಹೋಯಿತು. ಆಕೆ ನನಗಿಂತ ಗಟ್ಟಿಯಾಗಿ, ನಿಲ್ದಾಣದ ಒಳಗಿದ್ದವರಿಗೂ ಕೇಳುವಂತೆ ತೀರ್ಪು ಹೇಳತೊಡಗಿದಳು.

ಆದರೆ ಆ ದಿನವೂ ಮೊದಲ ವಡೆ ನನ್ನ ಕೈಗೇ ಬಂತು. "ನನಗ್ಯಾಕ ಕೊಡ್ತಿ, ಏನೂ ತಿಳಿಯಂಗಿಲ್ಲ" ಎಂದೆ.

"ನಾ ಉಪ್ಪು ಕೇಳಾಕತ್ತಿಲ್ಲ. ನಾಲಿಗಿ ಬಂತೇನು ಅಂತ ಕೇಳಾಕತ್ತೀನಿ."

"ಇಲ್ಲ."

"ಬರ್ತದ. ತಿನ್ರಿ."

ಹಾಗೆ ಪ್ರತಿ ಮಂಗಳವಾರ ನಡೆಯಿತು. ಮೊದಲು ನನಗೊಂದು, ಆಮೇಲೆ ಬಾಳೆಹಣ್ಣಿನಾಕೆಗೊಂದು, ನಂತರ ಜನಕ್ಕೆ. ಪ್ರತಿ ಸಲ ಅವಳು ಕೇಳುವಳು, ನಾನು ಇಲ್ಲ ಎನ್ನುವೆ. ನಿಜ ಹೇಳಿದ ಮೇಲೆ ಆ ಜಾಗದಲ್ಲಿ ನಿಲ್ಲುವುದು ಹಗುರಾಗಿತ್ತು. ರುಚಿ ಇಲ್ಲದಿದ್ದರೂ ಬಿಸಿ ಇತ್ತು, ಕರುಂ ಸದ್ದಿತ್ತು, ಅವ್ವನ ಬೈಗುಳವಿತ್ತು. ಮನೆಯಲ್ಲಿ ಮಾತ್ರ ಫಜೀತಿ. ಅಂಗಿ ಕರಿದ ಎಣ್ಣೆಯಿಂದ ಎಷ್ಟು ನಾರುತ್ತದೆಂದು ನನ್ನ ಮೂಗಿಗೇ ತಿಳಿಯುತ್ತಿರಲಿಲ್ಲ. ಹೆಂಡತಿ ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದು, "ನಿಮ್ಮ ಮೂಗು ಲಗೂ ಬರಲಿ ಅಂತ ನಾ ಹರಕಿ ಹೊರಲಿಕ್ಕೆ ಹತ್ತೀನಿ ನೋಡ್ರಿ" ಎನ್ನುತ್ತಿದ್ದಳು.

ಯುಗಾದಿಗೆ ಇನ್ನೆರಡು ವಾರವಿತ್ತು. ಬಿಸಿಲು ಜೋರಾಗಿತ್ತು. ಆ ಮಂಗಳವಾರ ಮೊದಲ ವಡೆ ಮುರಿದು ಬಾಯಿಗಿಟ್ಟೆ. ಒಳಗಿನ ಬೇಳೆ, ಅದರ ಮಣ್ಣಿನಂಥ ಸಣ್ಣ ಸಿಹಿ, ಕರಿಬೇವು, ಸುಟ್ಟ ಉಳ್ಳಾಗಡ್ಡಿ. ಒಂದೊಂದೇ ಬಂದವು. ನಂಬಿಕೆಯಾಗದೆ ಇನ್ನೊಂದು ಚೂರು ಅಗಿದೆ. ಆಮೇಲೆ ಗೊತ್ತಾಯಿತು, ಏನೋ ಒಂದು ಇಲ್ಲ. ರುಚಿ ಸತ್ತಾಗಿನ "ಇಲ್ಲ" ಅಲ್ಲ ಅದು. ಸಪ್ಪೆ. ಸಪ್ಪೆ ಎಂಬುದೂ ಒಂದು ರುಚಿಯೆಂದು ನನಗೆ ಅವತ್ತೇ ತಿಳಿದದ್ದು.

ನನ್ನ ಕಣ್ಣಲ್ಲಿ ನೀರು ಬಂತು. ಆದರೂ ಅಷ್ಟು ಜನರೆದುರು ಅವ್ವನ ತಪ್ಪು ಹೇಳುವುದು ಹೇಗೆಂದು ಅಳುಕಿ, ಹತ್ತಿರ ಬಾಗಿ, "ಯವ್ವಾ, ಸಿಟ್ಟಾಗಬ್ಯಾಡ. ಉಪ್ಪ ಹಾಕಿಲ್ಲ ನೀನು" ಎಂದೆ.

ಅವ್ವ ಗಾಬರಿಯಾಗಲಿಲ್ಲ. ಉಪ್ಪಿನ ಡಬ್ಬಿಗೆ ಕೈ ಹಾಕಲೂ ಇಲ್ಲ. ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿ ನಗತೊಡಗಿದಳು. ಬಾಳೆಹಣ್ಣಿನಾಕೆ ಚಪ್ಪಾಳೆ ತಟ್ಟಿದಳು.

"ಒಂಬತ್ತು ವಾರ ಆತು" ಎಂದಳು ಅವ್ವ. "ಉಪ್ಪು ಹಾಕೋಕಿಂತ ಮೊದಲ ನಿಮ್ಮದೊಂದು ತಗದು ಕರೀತೀನಿ. ಉಪ್ಪು ಹಾಕಿ ಕೊಟ್ರ, ನನಗ ಬ್ಯಾಸರಾಗಬಾರದು ಅಂತ ನಾಲಿಗಿ ಬಂತು ಅಂದುಬಿಡ್ತಿದ್ರಿ ನೀವು. ನಿಮ್ಮ ಚಾಳಿ ನನಗ ಗೊತ್ತಿಲ್ಲೇನು?"

ಒಂಬತ್ತು ಮಂಗಳವಾರ, ಹಸಿದ ಹೊಟ್ಟೆಯಲ್ಲಿ ನಿಂತು, ನುಗ್ಗುವ ಜನರ ನಡುವೆ ಅವಳು ನನಗೊಂದು ಬೇರೆ ವಡೆ ತಟ್ಟಿದ್ದಳು.

ಅವಳು ಆಗ ಉಪ್ಪು ಹಾಕಿ ಕಲಸಿ, ಹೊಸ ಒಬ್ಬೆ ಬಿಟ್ಟಳು. ಹದವಾಗಿ ಕೆಂಪಾದ ವಡೆಯೊಂದನ್ನು ಕಾಗದದ ಮೇಲಿಟ್ಟು ಕೊಟ್ಟಳು. ತಿಂದೆ. ಕಣ್ಣು ಮುಚ್ಚಲಿಲ್ಲ.

"ಸರಿ ಅದ" ಎಂದೆ.

ಅವ್ವ ಇನ್ನೊಂದು ವಡೆಯನ್ನು ಬಾಳೆಹಣ್ಣಿನಾಕೆಯ ಕಡೆ ಚಾಚಿದಳು. "ನೀನೂ ಒಂದು ತಿಂದು ಹೇಳಬೇ" ಎಂದಳು. "ಈ ಮಾಸ್ತರನ್ನ ಇನ್ನೊಂದು ಎರಡು ವಾರ ನಂಬಂಗಿಲ್ಲ."